ಹೆಬ್ಬೆಟ್ಟಿನ ಗುಳಿ

ಡಬ್ಬಿಯ ಮುಚ್ಚಳವನ್ನು ಒಬ್ಬ ಮನುಷ್ಯ ಕೂತು ಯೋಚಿಸಿ ಬರೆದಿರುತ್ತಾನೆ ಎಂದರೆ ಹೊನ್ನವಳ್ಳಿಯಲ್ಲಿ ಯಾರೂ ನಂಬುವುದಿಲ್ಲ. ಟೀ ಅಂಗಡಿಯಲ್ಲಿ ಒಮ್ಮೆ ಬಾಯಿ ತಪ್ಪಿ ಹೇಳಿದ್ದೆ. ಪಕ್ಕದಲ್ಲಿದ್ದ ಕೊಬ್ಬರಿ ವ್ಯಾಪಾರದವರೊಬ್ಬರು, ‘ಮುಚ್ಚಳ ಅಂದ್ರೆ ಮುಚ್ಚಳ ಕಣಪ್ಪ, ಅದ್ರಲ್ ಬರಿಯಾಕೇನೈತೆ?’ ಎಂದು ನಕ್ಕರು. ಅವರು ಕೂತಿದ್ದ ಕುರ್ಚಿಯನ್ನೂ, ಜೇಬಿನಲ್ಲಿದ್ದ ಪೆನ್ನಿನ ಟೋಪಿಯನ್ನೂ ಯಾರೋ ಒಬ್ಬರು ಹೀಗೇ ತಲೆ ಕೆಡಿಸಿಕೊಂಡು ಬರೆದಿದ್ದರು. ವಾದ ಮಾಡಿ ಏನು ಪ್ರಯೋಜನ. ಅಂದಿನಿಂದ ಯಾರು ಕೇಳಿದರೂ ‘ಕಂಪ್ಯೂಟರ್ ಕೆಲಸ’ ಎಂದುಬಿಡುತ್ತೇನೆ. ಅವರೂ ಮುಂದೆ ಕೇಳುವುದಿಲ್ಲ.

ಕೆಲಸ ಇಷ್ಟೇ. ಪ್ಲಾಸ್ಟಿಕ್ಕನ್ನು ಕರಗಿಸಿ ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸುತ್ತಾರೆ. ಒಳಗೆ ಅದು ಆರಿ ಗಟ್ಟಿಯಾದ ಮೇಲೆ ಅಚ್ಚು ಬಾಯಿ ಬಿಡುತ್ತದೆ, ಬಕೆಟ್ಟೋ ಬಾಚಣಿಗೆಯೋ ಹೊರಬೀಳುತ್ತದೆ. ಆ ವಸ್ತುವಿನ ರೂಪ ಬರೆಯುವವನು ನಾನು. ಅದರ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರಬೇಕು, ಇಲ್ಲವೆಂದರೆ ದಪ್ಪ ಇದ್ದ ಕಡೆ ಕುಳಿ ಬೀಳುತ್ತದೆ. ಗೋಡೆ ತೀರಾ ನೆಟ್ಟಗೆ ನಿಂತರೆ ಅಚ್ಚು ಬಿಟ್ಟು ಬರುವುದಿಲ್ಲ, ಚೂರು ಓರೆ ಕೊಡಬೇಕು. ಆಮೇಲೆ, ಆರುವಾಗ ಪ್ಲಾಸ್ಟಿಕ್ ಕುಗ್ಗುತ್ತದೆ, ಅದಕ್ಕೆ ಅಚ್ಚನ್ನು ಮೊದಲೇ ಸ್ವಲ್ಪ ದೊಡ್ಡದು ಮಾಡಬೇಕು. ಕುಗ್ಗುವುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ವರ್ಷವೊಪ್ಪತ್ತು ಒಣಗಿದರೆ ಒಳಗಿನ ಕೊಬ್ಬರಿ ಕುಗ್ಗಿ ಕರಟ ಬಿಡುತ್ತದೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ನನ್ನ ಕಂಪ್ಯೂಟರ್ ಇರುವ ಕೋಣೆ ಅಂಥದೊಂದು ಅಟ್ಟದ ಕೆಳಗೇ ಇದೆ. ಮೇಲೆ ಇಲಿ ಓಡಾಡಿದರೆ ಕಾಯಿಗಳು ಉರುಳುತ್ತವೆ. ಈಗ ಈ ಮನೆಯಲ್ಲಿ ನನ್ನ ಬಿಟ್ಟರೆ ಸದ್ದು ಮಾಡುವುದು ಅವೇ.

ಹೋದ ಬೇಸಿಗೆಯಲ್ಲಿ ಬೆಂಗಳೂರಿನ ಕಂಪನಿಯೊಂದರಿಂದ ಫೋನ್ ಬಂತು. ಅಡುಗೆಮನೆಯ ಡಬ್ಬಿಗಳನ್ನು ಮಾಡಿ ಮಾರುವವರು. ಅವರ ಒಂದು ಡಬ್ಬಿಯ ಮುಚ್ಚಳವನ್ನು ಬಹಳ ಹಿಂದೆ ನಾನೇ ಬರೆದುಕೊಟ್ಟಿದ್ದೆ. ಅದರ ಮೇಲೆ, ಒಂದು ಅಂಚಿನ ಹತ್ತಿರ, ಹೆಬ್ಬೆಟ್ಟು ಕೂರುವಷ್ಟು ಒಂದು ಗುಳಿ ಇದೆ. ಅಲ್ಲಿ ಒತ್ತಿದರೆ ಎದುರಿನ ಅಂಚು ಟಪ್ ಎಂದು ಮೇಲೇಳುತ್ತದೆ, ಡಬ್ಬಿ ತೆರೆದುಕೊಳ್ಳುತ್ತದೆ. ಕಂಪನಿ ಈಗ ಹೊಸ ಮಾಲೀಕರ ಕೈಗೆ ಹೋಗಿತ್ತು. ಅವರಿಗೆ ಮುಚ್ಚಳದ ಮೇಲೆ ದೊಡ್ಡ ಲೇಬಲ್ ಅಂಟಿಸಬೇಕಂತೆ. ಗುಳಿ ತೆಗೆದು ಚಪ್ಪಟೆ ಮಾಡಿ, ಹಿಡಿದೆಳೆದು ತೆಗೆಯಲು ಅಂಚಿನಿಂದ ಹೊರಚಾಚಿದ ಒಂದು ನಾಲಿಗೆ ಇಟ್ಟುಕೊಡಿ ಎಂದರು. ಮಾತಾಡಿದವಳು ಅಲ್ಲಿಗೆ ಹೊಸದಾಗಿ ಸೇರಿದ್ದ ಇಂಜಿನಿಯರ್ ಹುಡುಗಿ. ಬಹಳ ಮರ್ಯಾದೆಯಿಂದಲೇ ಮಾತಾಡಿದಳು.

‘ಇನ್ನೊಂದ್ ವಿಷಯ ಸರ್. ಆ ಗುಳಿ ಒಂದ್ ಕಡೆಗೆ ಸೊಟ್ಟ ಇದೆ. ಆಗ ಡ್ರಾಯಿಂಗ್ ಮಾಡೋವಾಗ ಏನೋ ತಪ್ಪಾಗಿತ್ತು ಅನ್ಸುತ್ತೆ, ಅಲ್ವಾ?’

‘ತಪ್ಪಲ್ಲಮ್ಮ’ ಎಂದೆ. ದನಿ ಒರಟಾಗಿಯೇ ಬಂತು. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಆಮೇಲೆ ಮಾಡ್ತೀನಿ ಎಂದು ಹೇಳಿ ಫೋನ್ ಇಟ್ಟೆ.

ಆ ಸೊಟ್ಟ ಗುಳಿ ನನ್ನ ಹೆಂಡತಿಯ ಹೆಬ್ಬೆಟ್ಟು. ಅವಳು ತೀರಿಕೊಂಡು ಆಗಲೇ ಎರಡನೇ ಬೇಸಿಗೆ. ಅವಳ ಫೋಟೋ ಇದೆ, ಸೀರೆಗಳಿವೆ. ಆದರೆ ಅವಳ ಕೈ ಎಂದು ಉಳಿದದ್ದು ಆ ಗುಳಿ ಒಂದೇ. ಅದನ್ನು ಅಳಿಸುವ ಕೆಲಸ ನನಗೇ ಬಂದಿತ್ತು.

ಅವಳು ಕಂದಿಕೆರೆಯ ಕಡೆಯವಳು. ಹುಡುಗಿಯಾಗಿದ್ದಾಗ ಕೊಬ್ಬರಿಯ ಕರಟ ಬಿಡಿಸುವಾಗ ಮಚ್ಚು ಜಾರಿ ಬಲಗೈ ಹೆಬ್ಬೆಟ್ಟಿಗೆ ಬಿದ್ದಿತ್ತು. ಗಾಯ ಮಾದರೂ ಬೆರಳಿನ ತುದಿ ಹೊರಗಡೆಗೆ ವಾಲಿಕೊಂಡೇ ಉಳಿಯಿತು. ನಲವತ್ತು ದಾಟಿದ ಮೇಲೆ ಬೆರಳುಗಳ ಗಂಟು ನೋವು ಬೇರೆ ಶುರುವಾಯಿತು. ಬಟ್ಟೆ ಹಿಂಡಲಾಗುತ್ತಿರಲಿಲ್ಲ, ಡಬ್ಬಿಯ ಮುಚ್ಚಳ ಎಳೆಯಲಾಗುತ್ತಿರಲಿಲ್ಲ. ನಮಗೆ ಮಕ್ಕಳಿಲ್ಲ. ಹಾಗಾಗಿ ಡಬ್ಬಿ ತೆಗೆಯಬೇಕೆಂದರೆ ನನ್ನನ್ನೇ ಕೂಗಬೇಕು. ಅಡುಗೆಮನೆಯಿಂದ ಕೂಗುವಳು, ‘ರೀ, ಬನ್ರೀ ಇಲ್ಲಿ. ನಿಮ್ಮೋರು ಮಾಡಿರೋ ಡಬ್ಬಿ, ನೀವೇ ಬಂದು ತೆಗೀರಿ.’

ಜಗತ್ತಿನ ಪ್ಲಾಸ್ಟಿಕ್ಕಿಗೆಲ್ಲ ನಾನೇ ಹೊಣೆ ಎನ್ನುವುದು ಅವಳ ಲೆಕ್ಕ. ಬಸ್ಸಿನ ಸೀಟು ಒಡೆದಿದ್ದರೂ ನನ್ನನ್ನೇ ನೋಡುತ್ತಿದ್ದಳು. ನಾನು ಕೆಲಸ ಬಿಟ್ಟು ಎದ್ದು ಹೋಗಿ ಗೊಣಗುತ್ತಾ ತೆಗೆದುಕೊಡುತ್ತಿದ್ದೆ. ಕೂತರೆ ಮತ್ತೆ ಕರೆಯುವಳು, ಈ ಸಲ ಸಾರಿನ ಪುಡಿ.

ಆಗಲೇ ಈ ಕಂಪನಿಯ ಹಳೆಯ ಮಾಲೀಕರು ಡಬ್ಬಿಯ ಕೆಲಸ ಕೊಟ್ಟಿದ್ದರು. ಮುಚ್ಚಳ ಸೋರಬಾರದು, ಹಾಗೇ ಸುಲಭವಾಗಿ ತೆಗೆಯಲೂ ಬರಬೇಕು ಎಂಬುದು ಅವರ ಮಾತು. ಹೇಳುವುದಕ್ಕೇನು. ಬಿಗಿ ಮಾಡಿದರೆ ತೆಗೆಯಲಾಗದು, ಸಡಿಲ ಮಾಡಿದರೆ ಉಪ್ಪಿನಕಾಯಿಯ ಎಣ್ಣೆ ಇಳಿಯುತ್ತದೆ. ತಲೆ ಕೆಟ್ಟುಹೋಗಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗಲೂ ಅದೇ ಯೋಚನೆ. ಅವಳು ಬಿಸಿ ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿ, ಎಂದಿನ ಹಾಗೆ ಹೆಬ್ಬೆಟ್ಟನ್ನು ನೀರಿಗೆ ಅದ್ದಿ, ಮುದ್ದೆಯ ನಡುವೆ ಒತ್ತಿ ಗುಳಿ ಮಾಡಿ ತುಪ್ಪ ಬಿಟ್ಟಳು. ಮದುವೆಯಾದಾಗಿನಿಂದ ನೋಡುತ್ತಿದ್ದ ಕೆಲಸ. ಅಂದು ಮಾತ್ರ ಕಣ್ಣಿಗೆ ಬಿತ್ತು. ಬೆಳಿಗ್ಗೆ ಡಬ್ಬಿ ತೆಗೆಯಲಾಗದೆ ನನ್ನನ್ನು ಕೂಗಿದ್ದ ಕೈ ಅದೇ. ಅದೇ ಕೈ ಗಟ್ಟಿ ಮುದ್ದೆಯನ್ನು ಸಲೀಸಾಗಿ ಒತ್ತಿತ್ತು. ಎಳೆಯಲಾರದ ಬೆರಳು ಒತ್ತಬಲ್ಲದು. ಮುಚ್ಚಳವನ್ನು ಎಳೆಯುವುದೇ ಬೇಡ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುವ ಹಾಗೆ ಮಾಡಿದರಾಯಿತು.

ಗುಳಿಯಲ್ಲಿದ್ದ ತುಪ್ಪವನ್ನು ಸಾರಿಗೆ ಬಗ್ಗಿಸಿ ಗುಳಿಯನ್ನೇ ನೋಡುತ್ತಾ ಕೂತೆ. ಬೆರಳಿನ ವಾಲು ಕೂಡ ಅದರಲ್ಲಿ ಅಚ್ಚುಕಟ್ಟಾಗಿ ಬಿದ್ದಿತ್ತು. ನಮ್ಮ ಕಡೆ ಮುದ್ದೆಗೆ ಹಿಟ್ಟು ಎಂದೇ ಹೇಳುವುದು.

‘ಹಿಟ್ಟು ಆರ್ತೈತೆ, ಉಣ್ರೀ’ ಎಂದಳು.

‘ಆರ್ಲಿ ಬುಡು. ಆರ್ಬೇಕು ಇದು.’

ಆರಿದ ಮೇಲೆ ಮೇಣದಬತ್ತಿ ಕರಗಿಸಿ ಗುಳಿಗೆ ಸುರಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಿಂತಳು. ‘ಉಣ್ಣೋ ಹಿಟ್ಟಿಗೆ ಮೇಣ ಸುರೀತಾವ್ರಲ್ಲ ಇವ್ರು. ಯಾರಾದ್ರೂ ನೋಡುದ್ರೆ ಹುಚ್ಚಾಸ್ಪತ್ರೆಗೆ ಕರ್ಕೊಂಡೋಗು ಅಂತಾರೆ ಕಣ್ರೀ.’ ಸಂಜೆಯವರೆಗೂ ಗೊಣಗಿದಳು. ನಾನು ಮೇಣದ ಹೆಬ್ಬೆಟ್ಟನ್ನು ಬಿಡಿಸಿಕೊಂಡು, ವರ್ನಿಯರ್ ಹಿಡಿದು ಅಳೆದು, ಕಂಪ್ಯೂಟರಿಗೆ ಇಳಿಸಿದೆ. ವಾಲನ್ನು ನೆಟ್ಟಗೆ ಮಾಡಬೇಕು ಅಂತ ಒಮ್ಮೆ ಅನ್ನಿಸಿತು. ಕೈ ಬರಲಿಲ್ಲ.

ಮೊದಲು ಮಾದರಿಗೆಂದು ಒಂದು ಮುಚ್ಚಳ ಮಾಡಿಸಿ ತಂದುಕೊಟ್ಟೆ. ಅವಳು ಹೆಬ್ಬೆಟ್ಟಿಟ್ಟಳು. ಗುಳಿಯೊಳಗೆ ಬೆರಳು ಪೂರ್ತಿ ಕೂರಲಿಲ್ಲ. ತಿರುಗಿಸಿ ಮುರುಗಿಸಿ ನೋಡಿ ನನ್ನ ಮುಖ ನೋಡಿದಳು.

‘ಇದು ನಂದಲ್ಲ ಕಣ್ರೀ. ಯಾವಳ್ದೋ ಎಳೇ ಹುಡ್ಗಿ ಹೆಬ್ಬೆಟ್ಟು. ನಿಜ ಹೇಳಿ, ಎಲ್ಲಿಂದ ತಂದ್ರಿ?’

ಎಲ್ಲಿ ತಪ್ಪಾಯಿತೆಂದು ಎರಡು ದಿನ ಹುಡುಕಿದೆ. ಕೊನೆಗೆ ಹೊಳೆದಾಗ ನನಗೇ ನಗು ಬಂತು. ಪ್ಲಾಸ್ಟಿಕ್ ಕುಗ್ಗುವುದನ್ನು ಲೆಕ್ಕ ಹಾಕಿದ್ದೆ, ಮುದ್ದೆ ಕುಗ್ಗುವುದನ್ನು ಮರೆತಿದ್ದೆ. ಬಿಸಿಯಲ್ಲಿ ಒತ್ತಿದ ಗುಳಿ ಆರುತ್ತಾ ಕಿರಿದಾಗಿತ್ತು. ಹುಟ್ಟಿದಾಗಿನಿಂದ ಮುದ್ದೆ ಉಂಡವನು, ಒಂದು ದಿನವೂ ಅದನ್ನು ಕುಗ್ಗುವ ವಸ್ತು ಎಂದು ನೋಡಿರಲಿಲ್ಲ. ಮಾರನೆಯ ದಿನ ಹಿಂದಿನ ರಾತ್ರಿಯ ತಂಗಳು ಮುದ್ದೆ ಅವಳ ಮುಂದಿಟ್ಟು ‘ಒತ್ತು’ ಎಂದೆ. ‘ಇದೊಂದು ಬಾಕಿ ಇತ್ತು’ ಎಂದು ಒತ್ತಿದಳು. ಈ ಸಲದ ಮುಚ್ಚಳಕ್ಕೆ ಅವಳ ಬೆರಳು ಸರಿಯಾಗಿ ಕೂತಿತು. ಟಪ್ ಎಂದಿತು. ಮುಚ್ಚಿದಳು, ಮತ್ತೆ ಒತ್ತಿದಳು. ಅಂದು ಅಡುಗೆಮನೆಯಿಂದ ಎಷ್ಟು ಹೊತ್ತು ಆ ಸದ್ದು ಬಂತು ಎಂದರೆ ನನ್ನ ಕೆಲಸ ಸಾಗಲಿಲ್ಲ.

ಡಬ್ಬಿಗಳು ಮಾರುಕಟ್ಟೆಗೆ ಬಂದವು. ನಮ್ಮ ಅಡುಗೆಮನೆಯ ಕಪಾಟು ಅವುಗಳಿಂದಲೇ ತುಂಬಿತು. ಆಮೇಲೆ ಅವಳು ನನ್ನನ್ನು ಕೂಗುವುದು ನಿಂತುಹೋಯಿತು. ಅದನ್ನು ನಾನು ಎಣಿಸಿರಲಿಲ್ಲ. ಕೋಣೆಯಲ್ಲಿ ಕೂತು ಕಿವಿಗೊಟ್ಟರೆ ಟಪ್ ಎಂಬ ಸದ್ದು ಮಾತ್ರ ಬರುತ್ತಿತ್ತು, ‘ರೀ’ ಎಂಬುದು ಬರುತ್ತಿರಲಿಲ್ಲ. ಒಂದು ದಿನ ನಾನೇ ಎದ್ದು ಹೋಗಿ ‘ಏನಾದ್ರೂ ತೆಗೀಬೇಕಾ?’ ಎಂದು ಕೇಳಿದೆ. ‘ಏನೂ ಬೇಡ, ನಿಮ್ ಕೆಲ್ಸ ನೋಡ್ಕಳಿ’ ಎಂದಳು. ಬೇಜಾರಾಯಿತು. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ, ಆದರೆ ನಿಜಕ್ಕೂ ಬೇಜಾರಾಯಿತು.

ಅವಳು ಹೋದದ್ದು ಸಣ್ಣ ಜ್ವರದ ನೆಪದಲ್ಲಿ. ತಿಪಟೂರಿನ ಆಸ್ಪತ್ರೆಯೊಳಕ್ಕೆ ನಡೆದುಕೊಂಡೇ ಹೋದವಳು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ. ತಿಥಿ ಮುಗಿದು ನೆಂಟರೆಲ್ಲ ಹೊರಟರು. ಕಾಫಿ ಮಾಡಿಕೊಳ್ಳಲು ಸಕ್ಕರೆ ಡಬ್ಬಿ ಕೈಗೆ ತೆಗೆದುಕೊಂಡು ಗುಳಿಯ ಮೇಲೆ ನನ್ನ ಹೆಬ್ಬೆಟ್ಟಿಟ್ಟೆ. ನನ್ನದು ನೆಟ್ಟಗಿನ ಬೆರಳು, ಸರಿಯಾಗಿ ಕೂರುವುದಿಲ್ಲ. ಒಂದು ಪಕ್ಕದಲ್ಲಿ ಚೂರು ಜಾಗ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗ ನೋಡಿಕೊಂಡು ನಿಂತುಬಿಟ್ಟೆ. ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು.

ಒಮ್ಮೆ ಚಿಕ್ಕನಾಯಕನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ಬ್ಯಾಗಿನಿಂದ ಅದೇ ಡಬ್ಬಿ ತೆಗೆದರು. ಬಸ್ಸು ಕುಲುಕುತ್ತಿದ್ದರೂ, ಹೆಬ್ಬೆಟ್ಟು ತಾನಾಗಿ ಗುಳಿಗೆ ಹೋಯಿತು, ಟಪ್ ಎಂದಿತು. ಒಳಗೆ ಖಾರಾಪುರಿ. ನಾನು ಅವರ ಕೈಯನ್ನೇ ನೋಡುತ್ತಿದ್ದದ್ದು ಕಂಡು, ಹಸಿದಿದ್ದೇನೆ ಎಂದುಕೊಂಡರೋ ಏನೋ, ‘ತಗಳಿ ಅಣ್ಣ’ ಎಂದು ಡಬ್ಬಿ ಚಾಚಿದರು. ತೆಗೆದುಕೊಂಡೆ. ಬೇಡ ಎಂದರೆ ಮಾತು ನಿಲ್ಲುತ್ತದೆ, ತೆಗೆದುಕೊಂಡರೆ ಅವರು ಮುಚ್ಚಿ ಇನ್ನೊಮ್ಮೆ ಒತ್ತುವುದನ್ನು ನೋಡಬಹುದು. ಅಂದು ಮನೆಗೆ ಬರುವಾಗ ಸ್ವಲ್ಪ ಹಗುರಾಗಿದ್ದೆ. ಎಲ್ಲೆಲ್ಲಿಯ ಮನೆಗಳಲ್ಲೋ, ಯಾರ್ಯಾರೋ, ಅವಳ ಹೆಬ್ಬೆಟ್ಟಿನೊಳಗೆ ತಮ್ಮ ಹೆಬ್ಬೆಟ್ಟಿಟ್ಟು ಡಬ್ಬಿ ತೆಗೆಯುತ್ತಿದ್ದಾರೆ. ನಮ್ಮ ಮನೆಯ ಡಬ್ಬಿಗಳು ಎಂದಾದರೂ ಒಡೆಯುತ್ತವೆ. ಅಚ್ಚು ಇರುವ ತನಕ ಆ ಬೆರಳು ಹುಟ್ಟುತ್ತಲೇ ಇರುತ್ತದೆ ಎಂಬುದೇ ನನಗಿದ್ದ ಧೈರ್ಯ. ಆ ಧೈರ್ಯದ ಮೇಲೇ ಫೋನ್ ಬಂದದ್ದು.

ಸುಮ್ಮನೆ ಬಿಟ್ಟುಕೊಡಲಿಲ್ಲ ನಾನು. ಇಂಜಿನಿಯರ್ ಹುಡುಗಿಗೆ ನಾನೇ ಫೋನ್ ಮಾಡಿ, ಗುಳಿ ತೆಗೆದರೆ ಮುಚ್ಚಳದ ಬಿಗಿ ಹೋಗುತ್ತದೆ, ಆರುವಾಗ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ ಎಂದೆ. ‘ಕೆಳಗಡೆ ತೆಳು ಪಟ್ಟಿ ಕೊಡೋಣ ಸರ್, ಬಿಗಿ ಬರುತ್ತೆ’ ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಕೈ ನೋವಿರುವವರು ನಾಲಿಗೆ ಹಿಡಿದು ಹೇಗೆ ಎಳೆಯುತ್ತಾರೆ ಎಂದು ಕೇಳಿದೆ. ಮಾಲೀಕರನ್ನು ಕೇಳಿ ಹೇಳುತ್ತೇನೆ ಎಂದಳು. ಕೇಳಿದಳು ಕೂಡ. ಎಲ್ಲ ಕಂಪನಿಯವರದ್ದೂ ನಾಲಿಗೆಯೇ ಇದೆ, ಜನಕ್ಕೆ ಅದೇ ರೂಢಿ ಎಂದು ಉತ್ತರ ಬಂತು.

‘ಸರ್, ಆ ಗುಳಿ ಇರ್ಲೇಬೇಕು ಅಂತ ಯಾಕ್ ಹೇಳ್ತಿದ್ದೀರಿ? ಬೇರೆ ಏನಾದ್ರೂ ಕಾರಣ ಇದ್ಯಾ?’

ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ ಮೇಲೂ ಅವಳು ‘ಓಕೆ ಸರ್, ಶುಕ್ರವಾರದೊಳಗೆ ಕಳ್ಸಿ’ ಎಂದುಬಿಟ್ಟರೆ? ಅದನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ‘ಏನಿಲ್ಲಮ್ಮ, ಕಳಿಸ್ತೀನಿ’ ಎಂದೆ.

ಕೆಲಸ ಬಿಟ್ಟುಬಿಡೋಣ ಎಂದೂ ಯೋಚಿಸಿದೆ. ಬಿಟ್ಟರೆ ಇನ್ಯಾರೋ ಮಾಡುತ್ತಾರೆ. ಅದು ಏನು ಎಂದು ಗೊತ್ತಿಲ್ಲದವರು, ತಪ್ಪು ತಿದ್ದುತ್ತಿದ್ದೇವೆ ಅಂದುಕೊಂಡು ಅಳಿಸುತ್ತಾರೆ. ಅದಕ್ಕಿಂತ ನಾನೇ ಅಳಿಸುವುದು ಮೇಲು ಅನ್ನಿಸಿತು. ಹಳೆಯ ಫೈಲು ತೆರೆದೆ. ಮುಚ್ಚಳ ಪರದೆಯ ಮೇಲೆ ತಿರುಗಿತು, ಗುಳಿ ಕಂಡಿತು. ವಾರಗಟ್ಟಲೆ ಕೂತು ಮಾಡಿದ್ದ ಆ ಗೆರೆಗಳು ಒಂದು ಗುಂಡಿ ಒತ್ತಿದ್ದಕ್ಕೆ ಹೋದವು. ಮುಚ್ಚಳ ಚಪ್ಪಟೆಯಾಯಿತು. ಚೆನ್ನಾಗಿಯೇ ಇತ್ತು, ಎಲ್ಲರ ಮುಚ್ಚಳದ ಹಾಗೆ ಇತ್ತು. ಮೇಲೆ ಅಟ್ಟದಲ್ಲಿ ಕಾಯಿ ಉರುಳಿತು. ನಾನು ಕೂತಲ್ಲೇ ಅತ್ತೆ.

ಅಚ್ಚು ತಿದ್ದುವ ಕೆಲಸ ತುಮಕೂರಿನ ಹೊರಗಿನ ಒಂದು ಶೆಡ್ಡಿನಲ್ಲಿ ನಡೆಯಿತು. ಆ ಅಚ್ಚನ್ನು ಮೊದಲು ಮಾಡಿದವರೂ ಅವರೇ. ಹೊಸ ರೂಪದ ಮೊದಲ ಮುಚ್ಚಳ ಬೀಳುವಾಗ ಬರೆದವನು ಹೋಗಿ ನಿಂತು ನೋಡುವುದು ನಮ್ಮಲ್ಲಿ ರೂಢಿ. ಮನಸ್ಸಿಲ್ಲದಿದ್ದರೂ ಹೋದೆ. ಶೆಡ್ಡಿನ ಮೇಸ್ತ್ರಿ ನನ್ನ ವಯಸ್ಸಿನವರೇ, ಹೆಚ್ಚು ಮಾತಿಲ್ಲದ ಮನುಷ್ಯ. ಮೊದಲ ಮುಚ್ಚಳ ಬಿಸಿಬಿಸಿಯಾಗಿ ಕೈಗೆ ಕೊಟ್ಟರು. ಎಲ್ಲ ಸರಿ ಇತ್ತು. ಸರಿ ಇದೆ ಎಂದು ಹೇಳಿದೆ.

ಹೊರಡಲು ತಿರುಗಿದಾಗ ಅವರು ಬೆಂಚಿನ ಮೇಲಿಂದ ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ಎತ್ತಿದರು. ‘ಇದು ಹಳೇ ಇನ್ಸರ್ಟು ಸಾ. ಗುಜರಿಗೆ ಹಾಕ್ಬುಡ್ಲಾ?’

ಅಚ್ಚಿನಲ್ಲಿ ಸೂಕ್ಷ್ಮ ಆಕಾರವಿರುವ ಕಡೆ ಉಕ್ಕಿನ ತುಂಡೊಂದನ್ನು ಬೇರೆಯಾಗಿಯೇ ಮಾಡಿ ಕೂರಿಸಿರುತ್ತಾರೆ, ಸವೆದರೆ ಅಷ್ಟನ್ನೇ ಬದಲಿಸಲಿ ಎಂದು. ಅದೇ ಇನ್ಸರ್ಟು. ಗುಳಿಯ ಜಾಗದಲ್ಲಿದ್ದ ಆ ತುಂಡನ್ನು ಕಿತ್ತು ಚಪ್ಪಟೆಯದನ್ನು ಹಾಕಿದ್ದರು. ಬಟ್ಟೆ ಬಿಡಿಸಿದೆ. ಪ್ಲಾಸ್ಟಿಕ್ಕಿನಲ್ಲಿ ಗುಳಿ ಬೀಳಬೇಕಾದರೆ ಅಚ್ಚಿನಲ್ಲಿ ಉಬ್ಬು ಇರಲೇಬೇಕು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ, ಇಡೀ ಜೀವಮಾನ ಇದರಲ್ಲೇ ಅನ್ನ ಉಂಡಿದ್ದೇನೆ. ಆದರೂ ಇಷ್ಟು ವರ್ಷ ನಾನು ಮುಟ್ಟಿದ್ದು, ಯೋಚಿಸಿದ್ದು ಬರೀ ಗುಳಿಯನ್ನು. ಅವಳ ಬೆರಳು ಇದ್ದು ಹೋದ ಜಾಗವನ್ನು. ಈಗ ಕೈಯಲ್ಲಿದ್ದದ್ದು ಬೆರಳೇ. ಹೊರಗಡೆಗೆ ವಾಲಿದ ತುದಿ, ಮಚ್ಚಿನ ಗಾಯದ ಪಕ್ಕದ ಆ ಸಣ್ಣ ಏರು, ಎಲ್ಲ ಇತ್ತು.

‘ಬೇಡಿ, ನಂಗೆ ಕೊಡಿ’ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಬಸ್ಸಿನಲ್ಲಿ ತಿಪಟೂರಿನವರೆಗೂ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದೆ. ಹತ್ತುವಾಗ ತಣ್ಣಗಿತ್ತು, ಇಳಿಯುವಾಗ ನನ್ನ ಕೈಯಷ್ಟೇ ಬೆಚ್ಚಗಾಗಿತ್ತು.

ಮನೆಗೆ ಬಂದು ಸೋಪು ಹಾಕಿ ಎಣ್ಣೆ ಹೋಗುವವರೆಗೂ ತಿಕ್ಕಿ ತೊಳೆದೆ. ಎಸರಿಟ್ಟು, ರಾಗಿಹಿಟ್ಟು ಹಾಕಿ ತಿರುವಿದೆ. ನನ್ನ ಮುದ್ದೆಯಲ್ಲಿ ಗಂಟು ಇದ್ದೇ ಇರುತ್ತದೆ, ಅಂದೂ ಇತ್ತು. ಅವಳು ಹೋದ ಮೇಲೆ ನಾನು ಮುದ್ದೆಗೆ ಗುಳಿ ಮಾಡಿರಲಿಲ್ಲ, ತುಪ್ಪವನ್ನು ಪಕ್ಕಕ್ಕೆ ಹಾಕಿಕೊಂಡು ಉಣ್ಣುತ್ತಿದ್ದೆ. ತಟ್ಟೆಯ ಮುಂದೆ ಕೂತು, ಉಕ್ಕಿನ ಹೆಬ್ಬೆಟ್ಟನ್ನು ನೀರಿಗೆ ಅದ್ದಿ, ಬಿಸಿ ಮುದ್ದೆಯ ನಡುವೆ ಒತ್ತಿ ತೆಗೆದೆ.

ಗುಳಿ ಬಿತ್ತು. ಆದರೆ ಅವಳದಕ್ಕಿಂತ ಕೂದಲೆಳೆಯಷ್ಟು ದೊಡ್ಡದು. ಪ್ಲಾಸ್ಟಿಕ್ ಕುಗ್ಗಲಿ ಎಂದು ಆ ಉಕ್ಕಿಗೆ ನಾನೇ ಸೇರಿಸಿದ್ದ ಹೆಚ್ಚಿನ ಅಳತೆ ಅದು. ಮುದ್ದೆಯೂ ಕುಗ್ಗುತ್ತದೆ, ಅದನ್ನು ಅವಳೇ ಕಲಿಸಿದ್ದಳು. ಆರಿದರೆ ಸರಿಹೋಗುತ್ತದೆ ಎಂದು ಕೈ ಕಟ್ಟಿಕೊಂಡು ಕಾಯುತ್ತಾ ಕೂತೆ. ಆವಿ ನಿಂತಿತು. ಗುಳಿ ಮೆಲ್ಲಗೆ ಒಳಕ್ಕೆ ಬಂತು, ಅವಳ ಅಳತೆಗೆ ಬಂತು. ಹಿಟ್ಟು ಆರ್ತೈತೆ, ಉಣ್ರೀ ಎಂದು ಯಾರೂ ಬೈಯಲಿಲ್ಲ. ತುಪ್ಪ ಬಿಟ್ಟುಕೊಂಡು ಆರಿದ ಮುದ್ದೆಯನ್ನೇ ಉಂಡೆ.